ಕಣ್ಣನ್ನು ವಂಚಿಸುವ ಚಿತ್ರ ಅಸತ್ಯವೇ?

ಗೋಡೆಯ ಮೇಲೆ ಬರೆದ ಕಿಟಕಿ ನಿಜವಾದ ಕಿಟಕಿಯಂತೆಯೇ ತೋರಿ, ನೋಡುಗನು ಕೈಚಾಚುವಂತೆ ಮಾಡುವ ಒಂದು ಬಗೆಯ ಚಿತ್ರಕಲೆಯುಂಟು. ಫ್ರೆಂಚರು ಇದನ್ನು ‘ಟ್ರೋಂಪ್ ಲೋಯಿ’ ಎನ್ನುತ್ತಾರೆ; ಕಣ್ಣನ್ನು ವಂಚಿಸುವಂಥದು ಎಂದು ಅದರ ಅರ್ಥ. ಹೆಸರಿನಲ್ಲಿಯೇ ವಂಚನೆಯಿರುವುದರಿಂದ ಇದು ಸತ್ಯವ್ರತಕ್ಕೆ ವಿರುದ್ಧವಾದ ಕಲೆಯೆಂದು ನಮ್ಮಲ್ಲಿ ಕೆಲವರು ವಾದಿಸುವುದುಂಟು. ಈ ವಾದವನ್ನು ನಾನು ಒಪ್ಪಲಾರೆ. ಹೆಸರು ನೋಡಿ ತೀರ್ಪು ಕೊಡುವುದು, ಮೂಟೆ ಬಿಚ್ಚದೆ ಸರಕಿಗೆ ಬೆಲೆ ಕಟ್ಟಿದಂತೆ.

ರೋಮ್ ನಗರದ ಸಂತ ಇಗ್ನೇಷಿಯಸ್ ಚರ್ಚಿಗೆ ಯೋಜಿಸಿದ್ದ ಗುಮ್ಮಟವನ್ನು ಕಟ್ಟಲಾಗಲಿಲ್ಲ. ಆಂದ್ರೇಯ ಪೊಝೊ ಎಂಬ ಜೆಸ್ಯೂಟ್ ಚಿತ್ರಕಾರನು 1685ರಲ್ಲಿ ಬೃಹತ್ತಾದ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನು ಚಿತ್ರಿಸಿ ಆ ಕೊರತೆಯನ್ನು ತುಂಬಿದನು. ಬಟ್ಟೆ ಚಪ್ಪಟೆ, ಕಾಣುವುದು ಆಳವಾದ ಗುಮ್ಮಟ. ಮುಂದೆ 1694ರ ವೇಳೆಗೆ ಅಲ್ಲಿಯ ಮುಖ್ಯ ಸಭಾಂಗಣದ ಛಾವಣಿಯ ಮೇಲೂ ಆಕಾಶಕ್ಕೇರುವ ಕಂಬಗಳನ್ನು ಬರೆದನು. ಆದರೆ ಎಲ್ಲಿ ನಿಂತರೆ ಈ ಭ್ರಮೆ ಪೂರ್ಣವಾಗುವುದೋ ಆ ಸ್ಥಳವನ್ನು ನೆಲದಲ್ಲಿ ಅಮೃತಶಿಲೆಯ ಬಿಲ್ಲೆಯಿಟ್ಟು ಗುರುತಿಸಲಾಗಿದೆ. ಅಲ್ಲಿಂದ ದೂರ ಸರಿದರೆ ಕಂಬಗಳು ವಾಲುತ್ತವೆ, ಗುಮ್ಮಟ ಸೊಟ್ಟಗಾಗುತ್ತದೆ. ಇಷ್ಟು ಸಾಲದೆಂಬಂತೆ, ಪೊಝೊ ತನ್ನ ವಿಧಾನವನ್ನೆಲ್ಲ 1693 ಮತ್ತು 1700ರಲ್ಲಿ ಎರಡು ಸಂಪುಟಗಳಾಗಿ ಅಚ್ಚು ಹಾಕಿಸಿದನು. ತನ್ನ ಗುಟ್ಟನ್ನು ತಾನೇ ಪುಸ್ತಕ ಮಾಡಿ ಮಾರುವ ವಂಚಕನುಂಟೇ? ಒಂದು ನೆಲೆಯಿಂದ ಕಂಡದ್ದೇ ಪೂರ್ಣ ಸತ್ಯವಲ್ಲವೆಂಬುದನ್ನು ಅನೇಕಾಂತದ ಹೆಸರು ಕೇಳದವನಿಗೂ ಆ ಛಾವಣಿ ನಾಲ್ಕು ಹೆಜ್ಜೆಗಳಲ್ಲಿ ಮನಗಾಣಿಸುತ್ತದೆ.

ಶಾಸ್ತ್ರದ ಮಾತಿಗೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ಪ್ರತಿರೂಪಕ ವ್ಯವಹಾರ’ವೆಂಬ ಅತಿಚಾರವನ್ನು ಹೇಳಿದೆ. ಅದನ್ನು ಎಣಿಸಿರುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಅಲ್ಲ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ. ದೋಷವಿರುವುದು ಪ್ರತಿರೂಪದಲ್ಲಿ ಅಲ್ಲ, ‘ವ್ಯವಹಾರ’ದಲ್ಲಿ. ಹಾಲಿನಂತೆ ಕಾಣುವ ಚಿತ್ರ ಬರೆದವನು ಕಳ್ಳನಲ್ಲ. ಹಾಲಿನ ಬೆಲೆಗೆ ನೀರು ಅಳೆದುಕೊಟ್ಟವನು ಕಳ್ಳ.

ಹಾಗಾದರೆ ನೋಟಿನ ಚಿತ್ರ ಬರೆಯಬಹುದೇ ಎಂದು ಕೇಳುವವರಿಗೆ ಅಮೆರಿಕದಲ್ಲಿ ಉದಾಹರಣೆಯಿದೆ. ವಿಲಿಯಂ ಹಾರ್ನೆಟ್ ಎಂಬ ಚಿತ್ರಕಾರನು ಡಾಲರ್ ನೋಟುಗಳನ್ನು ತದ್ವತ್ ಚಿತ್ರಿಸಿದ್ದಕ್ಕೆ 1886ರಲ್ಲಿ ಅಲ್ಲಿಯ ಖೋಟಾನೋಟು ತಡೆಯುವ ಅಧಿಕಾರಿಗಳು ಅವನನ್ನು ವಿಚಾರಿಸಿ, ಎಚ್ಚರಿಕೆ ಕೊಟ್ಟು ಬಿಟ್ಟರು. ನಾಣ್ಯದ ಮರ್ಯಾದೆ ಕಾಯುವುದು ಸರಕಾರದ ಧರ್ಮ, ಅದರಲ್ಲಿ ತಪ್ಪಿಲ್ಲ. ಆದರೆ ಚೌಕಟ್ಟು ಹಾಕಿ ಗೋಡೆಗೆ ತೂಗಿದ ನೋಟನ್ನು ಯಾವ ಅಂಗಡಿಯಲ್ಲಿ ಚಲಾಯಿಸುವುದು? 1889ರಲ್ಲಿ ಜಾನ್ ಹೇಬರ್ಲಿ ಬರೆದ ನೋಟಿನ ಚಿತ್ರ ಷಿಕಾಗೋದಲ್ಲಿ ಪ್ರದರ್ಶಿತವಾದಾಗ, ಅದು ಚಿತ್ರವಲ್ಲ, ನಿಜವಾದ ನೋಟನ್ನೇ ಅಂಟಿಸಿದ್ದಾನೆಂದು ವಿಮರ್ಶಕನೊಬ್ಬನು ಪತ್ರಿಕೆಯಲ್ಲಿ ದೂಷಿಸಿದನು. ಬಲ್ಲವರು ಪರೀಕ್ಷಿಸಿದಾಗ ಎಲ್ಲವೂ ಬಣ್ಣವೆಂದು ಸಿದ್ಧವಾಯಿತು. ಇಲ್ಲಿ ಅಸತ್ಯವಾಡಿದವರು ಯಾರು? ಪರೀಕ್ಷಿಸದೆ ಆರೋಪ ಹೊರಿಸಿದವನೇ ಅಲ್ಲವೇ?

ಈ ಚರ್ಚೆ ದೂರದೇಶದ್ದೆಂದು ಬದಿಗಿಡಬೇಡಿ. ಹಣ ಸಾಲದ ಕಡೆ ಸಿಮೆಂಟಿನ ಕಂಬಕ್ಕೆ ಅಮೃತಶಿಲೆಯ ಗೆರೆಗಳನ್ನು ಬಳಿಸುವುದು ಪಾಪವಲ್ಲ. ಅದು ಕುಂಚದ ಕೌಶಲ್ಯ. ಅದೇ ಕಂಬವನ್ನು ಅಮೃತಶಿಲೆಯದೆಂದು ದಾನಿಗೆ ಹೇಳಿ ರಸೀದಿ ಬರೆದರೆ ಅದು ಪ್ರತಿರೂಪಕ ವ್ಯವಹಾರ. ಬಣ್ಣದ ಕಂಬವನ್ನು ಬಣ್ಣದ ಕಂಬವೆಂದೇ ಲೆಕ್ಕದ ಪುಸ್ತಕದಲ್ಲಿ ನಮೂದಿಸುವ ಧೈರ್ಯ ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೆ ಇರಬೇಕು. ನೆಲದಲ್ಲಿ ಬಿಲ್ಲೆಯಿಟ್ಟು ಭ್ರಮೆಯ ನೆಲೆಯನ್ನು ತೋರಿಸಿಕೊಟ್ಟ ಕಲೆಯನ್ನು ದೂಷಿಸುವ ಮೊದಲು, ನಮ್ಮ ವ್ಯವಹಾರದಲ್ಲಿ ಅಂಥ ಗುರುತನ್ನು ಎಲ್ಲಿ ಇಟ್ಟಿದ್ದೇವೆಂದು ಪ್ರತಿಯೊಬ್ಬ ಶ್ರಾವಕನೂ ತನ್ನನ್ನು ತಾನೇ ಕೇಳಿಕೊಳ್ಳಲಿ.