ಕಲ್ಲೆಣ್ಣೆಯ ಮನೆಯಲ್ಲಿ ಹೊಗೆಯ ಲೆಕ್ಕ

ತೈಲವೆಂಬ ಶಬ್ದವು ತಿಲದಿಂದ ಹುಟ್ಟಿದುದು, ತಿಲವೆಂದರೆ ಎಳ್ಳು. ಹೊಲದ ಕಾಳಿನಿಂದ ಬಂದ ಆ ಹೆಸರನ್ನೇ ಭೂಗರ್ಭದ ಕಲ್ಲೆಣ್ಣೆಗೂ ಕೊಟ್ಟಿರುವೆವು. ಈ ಕಲ್ಲೆಣ್ಣೆಯ ಉದ್ಯಮದೊಳಗೇ ಅದರ ಹೊಗೆಯನ್ನು ತಗ್ಗಿಸುವ ವೃತ್ತಿಯೊಂದು ಈಚೆಗೆ ಬೆಳೆದಿರುವುದು. ನಮ್ಮ ಲೊಕ್ಕನಹಳ್ಳಿಯ ಗೃಹಸ್ಥರೊಬ್ಬರು, ಎಂಜಿನಿಯರಿಂಗ್ ಓದಿದ ತಮ್ಮ ಮಗಳಿಗೆ ಅಂಥ ಕೆಲಸ ದೊರೆತುದನ್ನು ತಿಳಿಸಿ, "ಮೇಷ್ಟ್ರೇ, ಇದು ಹೆಂಡದಂಗಡಿಯವನು ಪಾನನಿರೋಧವನ್ನು ಬೋಧಿಸಿದಂತಲ್ಲವೆ?" ಎಂದು ಕೇಳಿದರು. ಪ್ರಶ್ನೆಯು ತೂಕವುಳ್ಳದ್ದು.

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದು ಉರಿದಾಗ ಹೊರಡುವ ಇಂಗಾಲಾಮ್ಲ ವಾಯುವಾದರೋ ಸುಮಾರು 2.3 ಕಿಲೋ. ಇದೇನು ಮಾಯೆಯಲ್ಲ, 12 ಭಾಗ ಇಂಗಾಲವು ಗಾಳಿಯ 32 ಭಾಗ ಆಮ್ಲಜನಕವನ್ನು ಕೂಡಿಕೊಂಡು 44 ಭಾಗವಾಗುವುದು. ಕಲ್ಲೆಣ್ಣೆಯ ಹೊಗೆಯಲ್ಲಿ ಹೆಚ್ಚಿನ ಪಾಲು ಹೀಗೆ ಉರಿಸುವವರಿಂದಲೇ ಬರುವುದು. ಶುದ್ಧೀಕರಿಸುವ ಕಾರ್ಖಾನೆಯ ಪಾಲು ಅದಕ್ಕಿಂತ ಕಡಮೆ. ನಮ್ಮ ಅಡುಗೆಯ ಅನಿಲವೂ ಆ ಮನೆಯಿಂದಲೇ ಬರುವುದಷ್ಟೆ. ಹೆಂಡವನ್ನು ನಾಳೆಯೇ ಬಿಡಬಹುದು, ಒಲೆಯನ್ನು ಬಿಡಲಾಗದು. ಆದುದರಿಂದ ಆ ಉಪಮಾನವು ಪೂರ್ತಿ ಹೊಂದುವುದಿಲ್ಲ.

ಇಂಥ ಎಂಜಿನಿಯರಿಗೆ ಕೆಲಸ ಬೇಕಾದಷ್ಟುಂಟು. ಬಾವಿಗಳಲ್ಲಿಯೂ ಕೊಳವೆಗಳಲ್ಲಿಯೂ ಸೋರುವ ಮೀಥೇನ್ ಅನಿಲವನ್ನು ತಡೆಯಬೇಕು. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲಾಮ್ಲಕ್ಕಿಂತ ಸುಮಾರು 80 ಪಟ್ಟು ಹೆಚ್ಚು ತಾಪಕಾರಿ. ಎಣ್ಣೆಯ ಗಂಧಕವನ್ನು ತೆಗೆಯಲು ಬೇಕಾಗುವ ಜಲಜನಕವನ್ನು ನೈಸರ್ಗಿಕ ಅನಿಲದಿಂದ ಪಡೆದರೆ, ಒಂದು ಕಿಲೋಗೆ 9-10 ಕಿಲೋ ಇಂಗಾಲಾಮ್ಲ ಏಳುವುದು. ಬಿಸಿಲಿನ ವಿದ್ಯುತ್ತಿನಿಂದ ನೀರನ್ನೊಡೆದು ಪಡೆದರೆ ಅದು ಬಹುಮಟ್ಟಿಗೆ ತಪ್ಪುವುದು. ನಾರ್ವೆಯವರು 1996ರಲ್ಲಿ ಸ್ಲೈಪ್ನರ್ ಕ್ಷೇತ್ರದಲ್ಲಿ ಇಂಗಾಲಾಮ್ಲವನ್ನು ಕಡಲ ತಳದ ಮರಳುಗಲ್ಲಿನಲ್ಲಿ ಹುದುಗಿಸಲಾರಂಭಿಸಿದರು.

ಇನ್ನು ಎಥನಾಲ್ ಎಂಬ ಮದ್ಯಸಾರದ ವಿಷಯ. ಅದನ್ನು ಶೇಕಡಾ 20ರಷ್ಟು ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಮದ್ಯಸಾರವು ಕಬ್ಬಿನಿಂದ ಮಾತ್ರವಲ್ಲ, ನಮ್ಮ ಸೀಮೆಯ ಮುಸುಕಿನ ಜೋಳದಿಂದಲೂ ಆಗುವುದು. ಒಂದು ಟನ್ನಿಗೆ ಸುಮಾರು 380 ಲೀಟರ್. ಬೆಳೆದವನಿಗೆ ಬೆಲೆ ಸಿಕ್ಕುವುದು ಸಂತೋಷವೇ. ಆದರೆ ಅದೇ ಜೋಳವು ಕೋಳಿಗಳ ಆಹಾರವೂ ಆಗಿರುವುದರಿಂದ, ಅದರ ಬೆಲೆಯೇರಿದರೆ ಮೊಟ್ಟೆ ಕೊಳ್ಳುವ ಗೃಹಿಣಿಗೆ ಭಾರ. ಮೇಲಾಗಿ, ಮದ್ಯಸಾರದ ಶಾಖವು ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಮೆ. 2022ರ ಆಗಸ್ಟಿನಲ್ಲಿ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಭತ್ತದ ಹುಲ್ಲಿನಿಂದ ಮದ್ಯಸಾರ ಮಾಡುವ ಕಾರ್ಖಾನೆಯನ್ನು ತೆರೆಯಿತು; ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಂಬುದು ಅದರ ಯೋಜನೆ. ಕಾಳು ಉಣ್ಣುವವರಿಗೆ, ಹುಲ್ಲು ಯಂತ್ರಕ್ಕೆ. ಆದರೂ ಹುಲ್ಲಿಗಾಗಿ ಕಾದಿರುವ ಹಸುವನ್ನು ಮರೆಯುವಂತಿಲ್ಲ.

ಆ ತಂದೆಗೆ ನಾವು ಹೇಳಿದುದಿಷ್ಟು: ಮಗಳನ್ನು ಧಾರಾಳವಾಗಿ ಕಳುಹಿಸಿರಿ, ಹೊಗೆಯ ಮೂಲವನ್ನು ಬಲ್ಲವರೇ ಅದನ್ನು ತಡೆಯಬಲ್ಲರು. ಆದರೆ ಅವಳು ವರ್ಷಕ್ಕೊಮ್ಮೆ ತನ್ನನ್ನು ತಾನೇ ಕೇಳಿಕೊಳ್ಳಲಿ: ತಗ್ಗಿಸಿದೆವೆಂದು ಪ್ರಚಾರಪಡಿಸಿದ ಹೊಗೆಯಲ್ಲಿ ಅಳತೆಗೆ ಸಿಕ್ಕುದೆಷ್ಟು? ಹೊಗೆ ತಗ್ಗಿದ ವರ್ಷದಲ್ಲಿಯೇ ಎಣ್ಣೆಯ ಮಾರಾಟವು ಅದನ್ನು ಮೀರಿ ಏರಿತೆ? ಈ ಲೆಕ್ಕವನ್ನು ಮುಚ್ಚಿಡೆಂದು ಯಜಮಾನರು ಹೇಳುವ ದಿನ ಬಂದರೆ, ಸಂಬಳವೆಷ್ಟಿದ್ದರೂ ಆ ಕೆಲಸ ಬೇಡ.