ಹಳಬರ ಹೊಸ ಹಾಡು

ಸಂಸ್ಕೃತ ಪಾಠ ಹೇಳಿ ತಲೆ ನರೆತವನು ಅಮೆರಿಕದ ನೃತ್ಯಸಂಗೀತವನ್ನು ಕುರಿತು ಬರೆಯಹೊರಟರೆ ನಿಮಗೆ ನಗು ಬಂದೀತು. ನಕ್ಕು ಮುಂದೆ ಓದಿರಿ. ಹಳೆಯದನ್ನು ಹಳೆಯದೆಂದು ಹೊಗಳುವುದೂ ಹೊಸದನ್ನು ಹೊಸದೆಂದು ಹಳಿಯುವುದೂ ವಿವೇಕವಲ್ಲವೆಂಬುದನ್ನು ಕಾಳಿದಾಸನ ಕಾಲದಿಂದಲೂ ಕೇಳಿ ಬಲ್ಲೆವು. ಆದರೆ ಹಳಬರು ಮಾಡಿದ ಹೊಸ ಕೃತಿಯ ಗತಿಯೇನು? ಅದನ್ನು ಹೊಗಳುವವರೂ ಇಲ್ಲ, ಹಳಿಯುವವರೂ ಇಲ್ಲ; ಕೇಳುವವರೇ ಇಲ್ಲ.

ನನ್ನ ಕಿರಿಯ ಮಗನು ಈಚೆಗೆ ನನಗೆ ಕೇಳಿಸಿದ ‘ಶೀಕ್-ಇಸಂ’ ಎಂಬ ಆಲ್ಬಂ ಅಂಥದು. ಅದು 1992ರಲ್ಲಿ ಹೊರಬಂದಿತು. ಮಾಡಿದವರು ‘ಶೀಕ್’ ಎಂಬ ನ್ಯೂಯಾರ್ಕಿನ ಮೇಳದವರು. ಗಿಟಾರು ನುಡಿಸುವ ನೈಲ್ ರಾಜರ್ಸ್, ಬೇಸ್ ಗಿಟಾರು ನುಡಿಸುವ ಬರ್ನಾರ್ಡ್ ಎಡ್ವರ್ಡ್ಸ್, ಇಬ್ಬರೂ 1952ರಲ್ಲಿ ಹುಟ್ಟಿದ ಸಮವಯಸ್ಕ ಮಿತ್ರರು, ಇದರ ಎರಡು ಕಣ್ಣುಗಳು. 1977ರ ವರ್ಷಾಂತ್ಯದ ರಾತ್ರಿ ‘ಸ್ಟುಡಿಯೋ 54’ ಎಂಬ ನೃತ್ಯಶಾಲೆಯ ಬಾಗಿಲಲ್ಲಿ ಇವರನ್ನು ಒಳಗೆ ಬಿಡಲಿಲ್ಲ. ಮನೆಗೆ ಮರಳಿ ಆ ಸಿಟ್ಟನ್ನೇ ಹಾಡಾಗಿ ಕಟ್ಟಿದರು. ಅದೇ ‘ಲ ಫ್ರೀಕ್’ ಎಂದು 1978ರಲ್ಲಿ ಅಮೆರಿಕದ ಅಗ್ರಸ್ಥಾನಕ್ಕೇರಿತು. ಅವಮಾನವನ್ನು ಹೀಗೆ ಅರಗಿಸಿಕೊಳ್ಳಬಲ್ಲವರು ವಿರಳ.

ಆದರೆ ಅಭಿರುಚಿಯೆಂಬುದು ಗಾಳಿಯಂತೆ. 1979ರ ಜುಲೈ 12ರಂದು ಶಿಕಾಗೋ ನಗರದ ಆಟದ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು. ಮರುತಿಂಗಳೇ ಶೀಕ್ ಮೇಳದ ‘ಗುಡ್ ಟೈಮ್ಸ್’ ಮತ್ತೆ ಅಗ್ರಸ್ಥಾನಕ್ಕೆ ಬಂದಿತಾದರೂ ಅದೇ ಕಡೆಯ ದೊಡ್ಡ ಜಯ. ಮುಂದಿನ ಆಲ್ಬಂಗಳು ಒಂದೊಂದಾಗಿ ಮರೆಗೆ ಸಂದವು. 1983ರಲ್ಲಿ ಮೇಳ ಮುರಿಯಿತು. ಮಿತ್ರರು ಬೇರೆ ಬೇರೆಯಾಗಿ ಅನ್ಯರ ಹಾಡುಗಳನ್ನು ಬೆಳಗಿಸಿದರು. ಡೇವಿಡ್ ಬೋವಿ, ಮಡೋನ್ನಾ ಇವರಿಗೆ ರಾಜರ್ಸನೂ ರಾಬರ್ಟ್ ಪಾಮರನಿಗೆ ಎಡ್ವರ್ಡ್ಸನೂ ಒದಗಿದರು.

ಕೀರ್ತಿಗೆ ಕೊರತೆಯಿಲ್ಲದಿದ್ದರೂ ಇಬ್ಬರೂ ಮತ್ತೆ ಕೂಡಿದರು. ಅದರ ಫಲವೇ ಈ ಆಲ್ಬಂ. ಹಾಡುವವರು ಹೊಸಬರು: ಸಿಲ್ವರ್ ಲೋಗನ್ ಶಾರ್ಪ್, ಜೆನ್ ಥಾಮಸ್. ಲಯದ ಉಡುಪು ತೊಂಬತ್ತರ ದಶಕದ್ದು. ಆದರೆ ಕಿವಿಗೊಟ್ಟು ಕೇಳಿದರೆ ಒಳಗಿನ ಜೀವ ಹಳೆಯದೇ. ರಾಜರ್ಸನ ಗಿಟಾರು ದೀರ್ಘವಾಗಿ ಆಲಾಪಿಸುವುದಿಲ್ಲ. ಚಿಕ್ಕ ಚಿಕ್ಕ ಮೀಟುಗಳಿಂದ ತಾಳವನ್ನು ಕೊತ್ತಂಬರಿ ಹೆಚ್ಚಿದಂತೆ ಹೆಚ್ಚುತ್ತ ಹೋಗುತ್ತದೆ. ರಾಗದ ಭಾರವನ್ನೆಲ್ಲ ಹೊರುವುದು ಎಡ್ವರ್ಡ್ಸನ ಮಂದ್ರದ ತಂತಿ. ಒಬ್ಬನು ಬಿಟ್ಟ ಎಡೆಯಲ್ಲಿ ಮತ್ತೊಬ್ಬನು ನುಡಿಯುತ್ತಾನೆ. ‘ಶೀಕ್ ಮಿಸ್ಟೀಕ್’ ಎಂಬ ಹಾಡನ್ನು ಕೇಳಿ ನೋಡಿರಿ. ಬಹುಕಾಲದ ದಂಪತಿಗಳ ಸಂಭಾಷಣೆಯಂತಿದೆ.

ಆದರೂ ಈ ಆಲ್ಬಂ ಹಿಂದಿನ ಯಶಸ್ಸಿನ ಸಮೀಪಕ್ಕೂ ಬರಲಿಲ್ಲ. ಆಗ ಯುವಕರು ರ್‍ಯಾಪ್ ಸಂಗೀತಕ್ಕೆ ಮನಸೋತಿದ್ದರು. ವಿಚಿತ್ರವೇನೆಂದರೆ, ಆ ಸಂಗೀತವನ್ನು ಮನೆಮಾತಾಗಿಸಿದ 1979ರ ‘ರ್‍ಯಾಪರ್ಸ್ ಡಿಲೈಟ್’ ನಿಂತಿದ್ದುದು ಎಡ್ವರ್ಡ್ಸನ ‘ಗುಡ್ ಟೈಮ್ಸ್’ ಮಂದ್ರದ ಮೇಲೆಯೇ! ಮೊಮ್ಮಕ್ಕಳು ಮನೆಯನ್ನು ತುಂಬಿಕೊಂಡಾಗ ಕಟ್ಟಿದವನಿಗೆ ಜಗಲಿಯಲ್ಲೂ ಎಡೆಯಿಲ್ಲದಂತಾಯಿತು.

1996ರ ಏಪ್ರಿಲಿನಲ್ಲಿ ಟೋಕಿಯೋ ನಗರದ ಬುಡೋಕಾನಿನಲ್ಲಿ ಇಬ್ಬರೂ ಕಚೇರಿ ನಡೆಸಿದರು. ಎಡ್ವರ್ಡ್ಸನು ಅಸ್ವಸ್ಥನಾಗಿದ್ದರೂ ನುಡಿಸುವುದನ್ನು ಬಿಡಲೊಪ್ಪಲಿಲ್ಲ. ಏಪ್ರಿಲ್ 18ರಂದು ನ್ಯುಮೋನಿಯಾದಿಂದ ಅಲ್ಲಿಯೇ ತೀರಿಕೊಂಡನು, ವಯಸ್ಸು 43. ಹೀಗೆ ‘ಶೀಕ್-ಇಸಂ’ ಇಬ್ಬರೂ ಕೂಡಿ ಮಾಡಿದ ಕಡೆಯ ಸ್ಟುಡಿಯೋ ಆಲ್ಬಂ ಆಯಿತು. ಅವರು ಅದನ್ನು ಕಡೆಯದೆಂದು ತಿಳಿದು ಮಾಡಲಿಲ್ಲ. ಆದುದರಿಂದಲೇ ಅದರಲ್ಲಿ ಬೀಳ್ಕೊಡುಗೆಯ ಅಳುವಿಲ್ಲ, ಕೆಲಸದ ಉಲ್ಲಾಸವಿದೆ.

ನಿವೃತ್ತನಾದವನಿಗೆ ಈ ಮಾತು ಚೆನ್ನಾಗಿ ತಿಳಿಯುತ್ತದೆ. ಹಳೆಯ ಶಿಷ್ಯರು ಬಂದಾಗಲೆಲ್ಲ ಮೂವತ್ತು ವರ್ಷದ ಹಿಂದೆ ಹೇಳಿದ ಪಾಠವನ್ನು ಕೊಂಡಾಡುತ್ತಾರೆ. “ಮೇಷ್ಟ್ರೇ, ಈಚೆಗೆ ಏನು ಓದಿದಿರಿ?” ಎಂದು ಕೇಳಿದವನು ಒಬ್ಬನೂ ಇಲ್ಲ. ನಿಮ್ಮ ಮನೆಯ ಹಿರಿಯರನ್ನು ಈ ಸಂಜೆ ಹಾಗೊಮ್ಮೆ ಕೇಳಿ ನೋಡಿರಿ.