ಮದುವೆಯ ಯಾದಿಗೆ ಇನ್ನೆರಡು ಅಂಕಣ

ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಮದುವೆಯ ಹಂಗಾಮು ಆರಂಭವಾಗುತ್ತದೆ. ಗಂಡು ಹೆಣ್ಣು ಒಪ್ಪಿಗೆಯಾದ ಮೇಲೆ ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಕುಳಿತು ಬರೆಯಿಸುವ ಮೊದಲ ಕಾಗದವೇ ಯಾದಿ. ಜವಳಿ ಎಷ್ಟು, ಪಾತ್ರೆ ಎಷ್ಟು, ಆಯೇರಿ ಯಾರು ಯಾರಿಗೆ, ಊಟದ ಖರ್ಚು ಯಾರದು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅಕ್ಷರ ದುಂಡಗಿರುತ್ತದೆಂಬ ಕಾರಣಕ್ಕೋ, ಎರಡೂ ಪಕ್ಷಕ್ಕೆ ಸಲ್ಲುವವರೆಂಬ ನಂಬಿಕೆಗೋ, ಈ ಯಾದಿ ಬರೆಯಲು ಶಾಲೆಯ ಮಾಸ್ತರರನ್ನು ಕರೆಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಹಾಗೆ ಕುಳಿತು ಬರೆದ ಅನುಭವದ ಬಲದಿಂದಲೇ ಈ ತಿಂಗಳು ಮದುವೆಯ ಸಿದ್ಧತೆಯ ಕುರಿತು ನಾಲ್ಕು ಮಾತು ಹೇಳಲು ಹೊರಟಿದ್ದೇವೆ.

ಮರಾಠವಾಡೆಯಲ್ಲಿ "ಯಾದಿ ಪೆ ಶಾದಿ" ಎಂಬ ಮಾತೊಂದಿದೆ. ಯಾದಿ ಬರೆಯಲು ಕೂಡಿದ ದಿನವೇ, ಕೂಡಿದ ಜನರ ಎದುರಿಗೇ ಅಕ್ಷತೆ ಹಾಕಿ ಮದುವೆ ಮುಗಿಸುವುದೆಂದು ಅದರ ಅರ್ಥ. ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಮನೆಗಳ ಹೊಲವನ್ನು ಉಳಿಸಿದ ಪದ್ಧತಿಯಿದು. ಆದರೆ ಎಲ್ಲರಿಗೂ ಅಷ್ಟು ಮನಸ್ಸು ಗಟ್ಟಿಯಾಗದು. ಮಗಳ ಮದುವೆ ನಾಲ್ಕು ಜನ ಕಾಣುವಂತೆ ಆಗಲೆಂಬುದು ತಂದೆತಾಯಿಗಳ ಸಹಜವಾದ ಆಶೆ. ಅದನ್ನು ನಾವು ಹಳಿಯುವುದಿಲ್ಲ. ನಮ್ಮ ಸೂಚನೆ ಇಷ್ಟೆ: ಯಾದಿಯಲ್ಲಿ ವಸ್ತುವಿನ ಹೆಸರು, ಸಂಖ್ಯೆ ಎಂಬ ಎರಡು ಅಂಕಣಗಳ ಮುಂದೆ ಇನ್ನೆರಡು ಗೆರೆ ಎಳೆಯಿರಿ. ಮೂರನೆಯ ಅಂಕಣಕ್ಕೆ "ಯಾರ ಕೈಯಿಂದ ಬರುವುದು?" ಎಂದೂ, ನಾಲ್ಕನೆಯದಕ್ಕೆ "ಮದುವೆಯಾದ ಮೇಲೆ ಎಲ್ಲಿರುವುದು?" ಎಂದೂ ತಲೆಬರಹ ಕೊಡಿರಿ.

ಈ ಎರಡು ಪ್ರಶ್ನೆಗಳನ್ನು ಕೇಳುತ್ತ ಹೋದರೆ ಯಾದಿ ತಾನಾಗಿಯೇ ಕಿರಿದಾಗುತ್ತದೆ. ಟೋಪಿ, ಟವೆಲು, ತೆಳುವಾದ ಸೀರೆಗಳ ಆಯೇರಿಯನ್ನೇ ನೋಡಿರಿ. ಈ ಮದುವೆಯಲ್ಲಿ ಬಂದ ಗಂಟು ಬಿಚ್ಚದೆಯೇ ಮುಂದಿನ ಮದುವೆಗೆ ಹೋಗುತ್ತದೆ. ಉಟ್ಟವರಿಲ್ಲ, ತೊಟ್ಟವರಿಲ್ಲ; ಆದರೂ ಕೊಂಡವನ ಸಾಲಕ್ಕೆ ಬಡ್ಡಿ ತಪ್ಪದು. ಥರ್ಮೋಕೋಲಿನ ಕಮಾನು ಮರುದಿನ ಮಂಗಲ ಕಾರ್ಯಾಲಯದ ಹಿಂದಿನ ತಿಪ್ಪೆಯಲ್ಲಿರುತ್ತದೆ. ಒಮ್ಮೆ ಬಳಸಿ ಎಸೆಯುವ ಥರ್ಮೋಕೋಲಿನ ತಾಟು, ಬಟ್ಟಲುಗಳನ್ನು ಮಹಾರಾಷ್ಟ್ರ ಸರಕಾರವು 2018ರಲ್ಲಿಯೇ ನಿಷೇಧಿಸಿದೆ. ಅದಕ್ಕೆ ಬದಲು ಹುಡುಕಲು ದೂರ ಹೋಗಬೇಕಿಲ್ಲ. ಮುತ್ತಲದ ಎಲೆಗಳನ್ನು ಕಡ್ಡಿ ಚುಚ್ಚಿ ಹೊಲಿದ ಪತ್ರಾವಳಿ, ದೊನ್ನೆಗಳಲ್ಲಿ ಉಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಉಂಡೆದ್ದ ಮೇಲೆ ಅದು ಗೊಬ್ಬರದ ಗುಂಡಿ ಸೇರುತ್ತದೆ. ನಾಲ್ಕನೆಯ ಅಂಕಣಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಹೊಸತನ್ನು ಕೊಳ್ಳುವ ಮೊದಲು ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡುವುದು ಲೇಸು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ಗಂಗಾಳ, ಚರಿಗೆ, ಸಮೆ ಇವುಗಳಲ್ಲಿ ಎರಡಾದರೂ ಹಳೆಯ ಮನೆತನಗಳಲ್ಲಿ ಸಿಕ್ಕೇ ಸಿಗುತ್ತವೆ. ಇವುಗಳನ್ನು ಮೋಡಕಾದವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟು, ಬಂದ ಹಣದಲ್ಲಿ ಸ್ಟೀಲಿನ ಸೆಟ್ಟು ತರುವವರಿದ್ದಾರೆ. ಹುಣಿಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ನೂರು ವರ್ಷದ ಹಂಡೆಯೂ ಹೊಸತರಂತೆ ಹೊಳೆಯುತ್ತದೆ. ಅಡಿಗೆಗೆ ಬಳಸುವ ತಾಮ್ರ, ಹಿತ್ತಾಳೆಯ ಪಾತ್ರೆಗೆ ಮಾತ್ರ ಒಳಗೆ ಕಲಾಯಿ ಇರಲೇಬೇಕು. ಹುಳಿಯ ಪದಾರ್ಥ ಬರಿಯ ತಾಮ್ರಕ್ಕೆ ತಗಲಿದರೆ ಕಿಲುಬು ಏಳುತ್ತದೆ, ಆರೋಗ್ಯಕ್ಕೆ ಕೇಡು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಅರಳೆಯಿಂದ ತವರವನ್ನು ಒರೆಸುವ ಕಲಾಯಿಗಾರರು ಈಗ ವಿರಳ. ಆದ್ದರಿಂದ ಅವರನ್ನು ಮೊದಲೇ ವಿಚಾರಿಸಿ ಇಟ್ಟುಕೊಳ್ಳಬೇಕು. ತವರದಲ್ಲಿ ಸೀಸ ಬೆರೆಸದಂತೆ ಎಚ್ಚರ ವಹಿಸಬೇಕು.

ನಮ್ಮ ಕಡೆಯ ಹಳೆಯ ಪಾತ್ರೆಗಳಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1993ರ ಸಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಔಸಾ, ಉಮರ್ಗಾ ತಾಲೂಕುಗಳ ದಪ್ಪ ಕಲ್ಲುಮಣ್ಣಿನ ಗೋಡೆಗಳು ಮಲಗಿದವರ ಮೇಲೆಯೇ ಉರುಳಿ ಸಾವಿರಾರು ಜನ ಸತ್ತರು. ಅಂಥ ಮನೆಯ ಮಣ್ಣಿನಡಿಯಿಂದ ತೆಗೆದ ಒಂದು ತಗ್ಗುಬಿದ್ದ ಕೊಡ ಯಾರ ಮನೆಯಲ್ಲಾದರೂ ಇದ್ದರೆ, ಅದನ್ನು ಮದುವೆಯ ಹಂದರದಲ್ಲಿ ಇಡಬೇಕೆ, ದೇವರ ಕೋಣೆಯಲ್ಲಿ ಸುಮ್ಮನೆ ಬಿಡಬೇಕೆ ಎಂಬುದನ್ನು ಆ ಮನೆಯವರೇ ನಿರ್ಧರಿಸಲಿ. ಹಳೆಯದೆಲ್ಲ ಶೃಂಗಾರದ ಸಾಮಾನಲ್ಲ.

ಇನ್ನು ಜವಳಿಯ ಮಾತು. ಇಲಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಗಡಿಯ ಎರಡೂ ಬದಿಯಲ್ಲಿ ಮಾನವಿದೆ. ಇಲಕಲ್ಲ ಸೀರೆಯಲ್ಲಿ ಸೆರಗಿನ ರೇಷ್ಮೆಯ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಕೂಡಿಸಿ ನೇಯುತ್ತಾರೆ. ಕೊಳ್ಳುವಾಗ ಸೆರಗು ಕೂಡಿದ ಜಾಗವನ್ನು ತಿರುವಿ ನೋಡಿರಿ. ಕೊಂಡಿಯ ಕುಣಿಕೆಗಳು ಅಲ್ಲಿ ಕಾಣಬೇಕು. ಹತ್ತಿರದ ಸೊಲ್ಲಾಪುರದ ಚಾದರು ನಮ್ಮ ಸೀಮೆಯದೇ ಆದರೂ ಬಹುಪಾಲು ವಿದ್ಯುತ್ ಮಗ್ಗದ್ದು. ಅದು ಊರ ದುಡಿಮೆ ನಿಜ, ಕೈಮಗ್ಗದ್ದೆಂದು ಹೇಳಿ ಮಾರಿದರೆ ನಂಬಬೇಡಿರಿ. ಕೈಮಗ್ಗದ ಬಟ್ಟೆಗೆ 2006ರಿಂದ ಕೇಂದ್ರ ಸರಕಾರದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತಿನ ಚೀಟಿ ಇದೆ. ಕೈಮಗ್ಗದ ಸೀರೆಗೆ ಬೆಲೆ ಹೆಚ್ಚೆಂಬುದು ಸರಿಯೆ. ಹತ್ತು ಸೀರೆ ಬರೆದ ಕಡೆ ಮೂರು ಬರೆಯಿರಿ, ಲೆಕ್ಕ ಕೂಡುತ್ತದೆ. ಅಜ್ಜಿಯ ಧಾರೆ ಸೀರೆ ಪೆಟ್ಟಿಗೆಯಲ್ಲಿದ್ದರೆ ಮಡಿಕೆಯ ಗೆರೆ ಹಿಡಿದು ರೇಷ್ಮೆ ಸೀಳಿರುತ್ತದೆ. ಅಂಥದನ್ನು ಎಳೆದು ಉಡಿಸುವ ಬದಲು ಸೆರಗಿನ ಗಟ್ಟಿ ಭಾಗದಿಂದ ಕುಪ್ಪಸ ಹೊಲಿಸಬಹುದು. ಹಳೆಯ ಹತ್ತಿಯ ಸೀರೆಗಳೆಲ್ಲ ಕೌದಿಗೆ ಬರುತ್ತವೆ. ತವರಿನ ನಾಲ್ಕು ಹೆಂಗಸರು ಕೂಡಿ ಹೊಲಿದ ಕೌದಿಗಿಂತ ಬೆಚ್ಚಗಿನ ಆಯೇರಿಯನ್ನು ನಾವು ಕಂಡಿಲ್ಲ.

ಹಂದರದ ಕೆಳಗಿನ ಸಾಮಾನುಗಳು ಊರ ಸುತ್ತಿನಲ್ಲಿಯೇ ಸಿಗುತ್ತವೆ. ಮುತ್ತೈದೆಯರು ವಾದ್ಯದೊಡನೆ ಕುಂಬಾರರ ಮನೆಗೆ ಹೋಗಿ ಐರಣಿಯ ಗಡಿಗೆ ತರುವ ಪದ್ಧತಿ ಕೆಲವು ಮನೆತನಗಳಲ್ಲಿ ಇನ್ನೂ ಇದೆ. ಹರಿಹರ ಕವಿ ರಗಳೆ ಬರೆದ ಕುಂಬಾರ ಗುಂಡಯ್ಯನ ಊರು ಉದಗೀರದ ನೆರೆಯ ಭಾಲ್ಕಿಯೆಂದು ಬಲ್ಲವರು ಹೇಳುತ್ತಾರೆ. ಗಡಿಗೆಯನ್ನು ನುಡಿಸಿ ಶಿವನನ್ನೇ ಕುಣಿಸಿದವನ ನಾಡಿನಲ್ಲಿ ಮದುವೆಗೆ ಪ್ಲಾಸ್ಟಿಕಿನ ಕಲಶ ಬರುವುದು ಒಪ್ಪುವ ಮಾತಲ್ಲ. ಮೇದಾರರ ಮರ, ಬುಟ್ಟಿಗಳು ಮದುವೆಯ ಮರುದಿನವೇ ಜೋಳ ಕೇರಲು ಬರುತ್ತವೆ. ದಖ್ಖಣಿ ಕುರಿಯ ಕರಿಯ ಉಣ್ಣೆಯಿಂದ ನೇಯ್ದು, ಹುಣಿಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡಿದ ಕಂಬಳಿಯನ್ನು ಗದ್ದುಗೆಗೆ ಹಾಸಿದರೆ ಮುಂದೆ ಮಳೆಗಾಲದಲ್ಲಿ ಅದೇ ಹೊಲಕ್ಕೆ ಹೋಗುತ್ತದೆ.

ಒಂದು ಬೆಲೆಯುಳ್ಳ ಉಡುಗೊರೆ ಕೊಡಲೇಬೇಕೆನ್ನುವವರು ಉದಗೀರದಿಂದ ರೈಲು ಹತ್ತಿ ಭಾಲ್ಕಿಯ ಮೇಲಿಂದ ಬೀದರಕ್ಕೆ ಹೋಗಬಹುದು. ಬಿದರಿಯ ಕೆಲಸ ಅಲ್ಲಿಯದು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂಡಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕದಡಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಸಬಿನ ಶಾಹ ರಶೀದ ಅಹಮದ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಬಿದರಿ ಊಟ, ಅಡಿಗೆಗೆ ಸಲ್ಲುವ ಪಾತ್ರೆಯಲ್ಲ. ಆದರೆ ಒಂದು ಚಿಕ್ಕ ಡಬ್ಬಿ ಮನೆಯಲ್ಲಿದ್ದರೆ ಮೊಮ್ಮಕ್ಕಳವರೆಗೆ ಇರುತ್ತದೆ.

ಬೀದರವು ನಮಗೆ ಪರಸ್ಥಳವೂ ಅಲ್ಲ. 1956ರ ನವೆಂಬರ 1ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಅನಂತರ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1982ರಿಂದ ಲಾತೂರ ಜಿಲ್ಲೆಯಲ್ಲಿವೆ. ನಿಜಾಮರ ಆಳಿಕೆಯಲ್ಲಿ ಕಚೇರಿ, ಶಾಲೆಗಳ ಭಾಷೆ ಉರ್ದು; ಮುಂದೆ ಅದರ ಸ್ಥಾನಕ್ಕೆ ಮರಾಠಿ ಬಂದಿತು. ಕನ್ನಡ ಉಳಿದದ್ದು ಒಲೆಯ ಮುಂದೆ, ಬೀಸುಕಲ್ಲಿನ ಮುಂದೆ.

ನಿಲಂಗಾ ತಾಲೂಕಿನ ಒಂದು ಮನೆಯಲ್ಲಿ ಯಾದಿ ಬರೆಯುವಾಗ ಕಂಡದ್ದನ್ನು ಇಲ್ಲಿ ಹೇಳುವುದು ಯುಕ್ತವೆನಿಸುತ್ತದೆ. ಮದುಮಗಳ ತಮ್ಮ ಅಟ್ಟದಿಂದ ಹಂಡೆ ಇಳಿಸಿ ತಿಕ್ಕುತ್ತಿದ್ದ. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಕಂಡವು. ಮರಾಠಿ ಶಾಲೆಯ ಹುಡುಗನಿಗೆ ಅವು ತಿಳಿಯಲಿಲ್ಲ. "ಆಯಿ, ಏನ ಬರದಾರ ಇದರ ಮ್ಯಾಲ?" ಎಂದು ಅಜ್ಜಿಯನ್ನು ಕೇಳಿದ. ಮುದುಕಿ ಹತ್ತಿರ ಬಂದು ಬೆರಳಾಡಿಸಿ, "ನನಗ ಓದಲಿಕ್ಕಿ ಬರಲ್ಲಪಾ. ಆದ್ರ ಇದು ನಮ್ಮವ್ವನ ಹೆಸರದ, ಅಷ್ಟು ಗೊತ್ತದ" ಎಂದಳು. ಸ್ಟೀಲಿನ ಪಾತ್ರೆಗಳ ಸಂಖ್ಯೆಯನ್ನು ಚರ್ಚಿಸುತ್ತಿದ್ದ ಬೀಗರು ಸುಮ್ಮನಾದರು. ಗಂಡಿನ ತಾಯಿಯೇ, "ಅಕ್ಕಾ, ನಮಗ ಈ ಹಂಡೆ ಸಾಕು. ಇದರ ಮಗ್ಗಲಾಗೇ ಹುಡುಗೀದೂ ಹೆಸರು ಬರಸ್ರಿ" ಎಂದರು. ಯಾದಿಯಲ್ಲಿ ಆ ಸಾಲನ್ನು ನಾವು ಸಂತೋಷದಿಂದ ಹೊಡೆದು ಹಾಕಿದೆವು. ಹುಡುಗಿಯ ಹೆಸರನ್ನು ಕನ್ನಡದಲ್ಲಿಯೇ ಕೊರೆಯಿಸಿದರು. ತಮ್ಮನು ಆ ಮೂರು ಅಕ್ಷರಗಳನ್ನು ಕಲಿತನು.

ಕಳೆದುಹೋಗುವುದು ಬರಿಯ ಹಂಡೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ವಸ್ತು ಹೋದ ಮನೆಯಲ್ಲಿ ಅದರ ಹೆಸರೂ ಉಳಿಯದು. ಮರಾಠಿ ಮಾತನಾಡುವ ಮನೆಯಿಂದ ಸೊಸೆ ಬಂದರೆ ನಮಗೆ ಸಂತೋಷವೇ. ಆದರೆ ಅತ್ತೆ "ಗಂಗಾಳ ತಾರವ್ವಾ" ಎಂದರೆ ಅವಳು ಸ್ನಾನದ ನೀರಿನ ಅಗಲಬಾಯಿಯ ಪಾತ್ರೆಯನ್ನು ತಂದಾಳು, ಮರಾಠಿಯಲ್ಲಿ ಗಂಗಾಳವೆಂದರೆ ಅದೇ. ನಕ್ಕು, ಊಟದ ತಾಟನ್ನು ತೋರಿಸಿ, ಎರಡೂ ಹೆಸರನ್ನು ಹೇಳಿಕೊಡಲು ಮನೆಯಲ್ಲಿ ಆ ಕಂಚಿನ ತಾಟಾದರೂ ಇರಬೇಕಷ್ಟೆ! ಸೋಬಾನೆಯ ಪದಗಳೂ ಹೀಗೆಯೇ. ಕಾಸು ಖರ್ಚಿಲ್ಲದ ಈ ಆಸ್ತಿ ಧ್ವನಿವರ್ಧಕದ ಗದ್ದಲದಲ್ಲಿ ಮುಳುಗುತ್ತಿದೆ. ಅರಿಷಿಣದ ದಿನ ಒಂದು ಗಳಿಗೆ ಅದನ್ನು ನಿಲ್ಲಿಸಿ ಹಿರಿಯ ಹೆಂಗಸರಿಂದ ಹಾಡಿಸಿರಿ. ಓದುಬರಹ ಬಲ್ಲ ಹುಡುಗಿಯೊಬ್ಬಳು ವಹಿಯಲ್ಲಿ ಬರೆದುಕೊಳ್ಳಲಿ. ಲಗ್ನಪತ್ರಿಕೆಯ ಒಂದು ಮಗ್ಗುಲು ಮರಾಠಿಯಾದರೆ ಇನ್ನೊಂದು ಮಗ್ಗುಲು ಕನ್ನಡವಾಗಲಿ.

ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದೆ ಮುಂದೆ ಹೋಗಲಾರೆವು. ಮೊದಲನೆಯದು: ಹೆಣ್ಣಿನವರು ಒಲಿದು ಕೊಟ್ಟ ಹಂಡೆ ಬೇರೆ, "ನಮಗೂ ಹಳೆಯ ಹಿತ್ತಾಳೆಯೇ ಬೇಕು, ಕೈಮಗ್ಗದ್ದೇ ಬೇಕು" ಎಂದು ಗಂಡಿನವರು ಹಟ ಹಿಡಿಯುವುದು ಬೇರೆ. ಬೇಡಿ ಪಡೆದದ್ದು ಯಾವ ಲೋಹದ್ದಾದರೂ ವರದಕ್ಷಿಣೆಯೇ. 1961ರ ಕಾನೂನು ಅದನ್ನು ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದಿದೆ. ಎರಡನೆಯದು: ಕುಂಬಾರರಿಗೆ, ಮೇದಾರರಿಗೆ ಹಿಂದೆ ಕಾಳು ಅಳೆದು ಕೊಡುತ್ತಿದ್ದರು, ಅವರನ್ನು ಹಂದರದ ಹೊರಗೆ ನಿಲ್ಲಿಸಿ ಉಣ್ಣಿಸಿದ ಕಾಲವೂ ಇತ್ತು. ಹಳೆಯ ಕಾಲದಿಂದ ಗಡಿಗೆಯನ್ನು ತರೋಣ, ಆ ನಡತೆಯನ್ನಲ್ಲ. ಷೋರೂಮಿನಲ್ಲಿ ತುಟಿ ಬಿಚ್ಚದೆ ಕೇಳಿದ ಬೆಲೆ ಕೊಡುವವರು ಬುಟ್ಟಿ ಹೆಣೆದವಳೊಡನೆ ಹತ್ತು ರೂಪಾಯಿಗೆ ಜಗ್ಗಾಡುವುದು ನ್ಯಾಯವಲ್ಲ. ಅವರಿಗೆ ಮುಂಗಡ ಕೊಡಿರಿ, ಪೂರ್ತಿ ಬೆಲೆ ಕೊಡಿರಿ, ಲಗ್ನಪತ್ರಿಕೆಯನ್ನೂ ಕೊಡಿರಿ. ಬಂದಾಗ ಬೀಗರ ಪಂಕ್ತಿಯಲ್ಲಿಯೇ ಕೂಡಿಸಿರಿ.

ಕೈಕೆಲಸಕ್ಕೆ ವೇಳೆ ಬೇಕು. ಪಾಠಕ್ಕೆ ಮೊದಲು ಟಿಪ್ಪಣಿ ಬರೆಯುವಂತೆ ಇಲ್ಲಿಯೂ ಒಂದು ಕ್ರಮವಿರಲಿ. ಮದುವೆಗೆ ಆರು ತಿಂಗಳು ಮೊದಲು ಸೀರೆ, ಖಣಗಳನ್ನು ನೇಕಾರರಿಗೆ ಹೇಳಿ ಕೌದಿಗೆ ಸೂಜಿ ಹಾಕಿರಿ. ಮೂರು ತಿಂಗಳಿರುವಾಗ ಪಾತ್ರೆ ಇಳಿಸಿ ಕಲಾಯಿ ಮಾಡಿಸಿರಿ, ಕಂಬಳಿ ತರಿಸಿರಿ. ತಿಂಗಳಿರುವಾಗ ಕುಂಬಾರರಿಗೂ ಮೇದಾರರಿಗೂ ಮುಂಗಡ ಮುಟ್ಟಲಿ. ಉಳಿದದ್ದನ್ನಷ್ಟೇ ಪೇಟೆಯಿಂದ ತನ್ನಿರಿ.

ಮೌಲ್ಯಮಾಪನವಿಲ್ಲದೆ ಯಾವ ಪಾಠವೂ ಮುಗಿಯದು. ಮುಂದಿನ ಪಂಚಮಿಗೆ ಮಗಳು ತವರಿಗೆ ಬಂದಾಗ ಯಾದಿಯ ಕಾಗದವನ್ನು ತೆಗೆದು ಅವಳ ಕೈಯಲ್ಲಿಡಿರಿ. "ಎಲ್ಲಿರುವುದು?" ಎಂಬ ನಾಲ್ಕನೆಯ ಅಂಕಣವನ್ನು ಆಗ ಅವಳೇ ತುಂಬಲಿ.